ಮುಖ ಮುಚ್ಚಿಕೊಂಡು ಉಣಿಸುವವರು

ಮೈಸೂರಿನ ಹೊರವಲಯದಲ್ಲಿ ಗಾಯಗೊಂಡ ಹದ್ದು, ಗಿಡುಗಗಳನ್ನು ಆರೈಕೆ ಮಾಡುವ ಕೇಂದ್ರವೊಂದಿದೆ. ಅಲ್ಲಿನ ಮೇಲ್ವಿಚಾರಕರನ್ನು ಕಂಡ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಹಾಡಹಗಲೇ ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಹಕ್ಕಿಗೆ ಮಾಂಸ ಹಾಕುವವರು ಮುಖ ಮುಚ್ಚಿಕೊಳ್ಳುವುದೇಕೆ? ರಕ್ಷಣೆಯ ಹೆಸರಲ್ಲಿ ಮಾರಾಟವೇನಾದರೂ ನಡೆದಿದೆಯೆ? ಕೇಳಿಯೇಬಿಟ್ಟೆ.

“ನಮ್ಮ ಮುಖ ಅವಕ್ಕೆ ಗುರುತಾಗಬಾರ್ದು ಕಣ್ರೀ. ಮನುಷ್ಯರನ್ನ ನಂಬಿದ್ರೆ ಹೊರಗೆ ಬದುಕಲ್ಲ,” ಎಂದರು. ಕಥೆ ಚೆನ್ನಾಗಿದೆ ಅಂದುಕೊಂಡೆ.

“ಬನ್ನಿ, ನೀವೇ ನೋಡಿ,” ಎಂದು ಒಂದು ಗರುಡನ ಪಂಜರದ ಮುಂದೆ ನಿಲ್ಲಿಸಿದರು. ವಿದ್ಯಾರಣ್ಯಪುರಂನ ಯಾರದೋ ಮನೆಯಲ್ಲಿ ಮರಿಯಿಂದಲೂ ಕೈತುತ್ತು ತಿಂದು ಬೆಳೆದದ್ದಂತೆ. ಈಗ ರೆಕ್ಕೆ ಗಟ್ಟಿಯಾಗಿದೆ. ಹೊಸಬರನ್ನು ಕಂಡು ಹಿಂದೆ ಸರಿದರೆ ಸಂಜೆಯೇ ಹಾರಿಬಿಡುತ್ತಾರಂತೆ.

ಗರುಡ ನನ್ನ ಮುಖವನ್ನೇ ದಿಟ್ಟಿಸಿತು. ಆಮೇಲೆ ಕುಪ್ಪಳಿಸಿಕೊಂಡು ಜಾಲರಿಯ ಹತ್ತಿರ ಬಂದು, ತುತ್ತಿಗಾಗಿ ಬಾಯಿ ತೆರೆಯಿತು. ನನಗೋ ಹಿಗ್ಗೋ ಹಿಗ್ಗು.

ಅವರು ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಒಳಗಿದ್ದದ್ದು ದಣಿದ, ಸಾಧಾರಣ ಮುಖ.

“ನಿಮಗಿರೋ ಅನುಮಾನದಲ್ಲಿ ಒಂದು ಚೂರು ಇದಕ್ಕಿದ್ದಿದ್ರೆ, ಇವತ್ತೇ ಬುಟ್ಬುಡ್ತಿದ್ದೆ,” ಎಂದರು.