ಕಪಾಟಿನ ಮೇಲಿನ ಖರ್ಜೂರದ ಪೆಟ್ಟಿಗೆ

ನಮ್ಮ ಮನೆಯ ಕಪಾಟಿನ ಮೇಲೆ ಒಂದು ಖರ್ಜೂರದ ಪೆಟ್ಟಿಗೆ ಇದೆ. ಒಳಗಿದ್ದ ಖರ್ಜೂರ ಮುಗಿದು ನಾಲ್ಕು ವರ್ಷವಾಯಿತು. ಆದರೂ ಆ ರಟ್ಟಿನ ಪೆಟ್ಟಿಗೆಯನ್ನು ಎಸೆಯುವ ಧೈರ್ಯ ಯಾರಿಗೂ ಬಂದಿಲ್ಲ, ಯಾಕೆಂದರೆ ಅದರ ಮೈತುಂಬ ಅರಬಿ ಅಕ್ಷರಗಳಿವೆ. ಇಚಿಲಂಪಾಡಿಯ ನಮ್ಮ ಮನೆಯಲ್ಲಿ ಅರಬಿಯಲ್ಲಿ ಬರೆದದ್ದು ಯಾವುದೂ ನೆಲಕ್ಕೆ ಬೀಳಕೂಡದು, ಕಾಲಿಗೆ ತಾಗಕೂಡದು; ಅದು ಕುರ್‌ಆನಿನ ಅಕ್ಷರ. ಹಾಗಾಗಿ ಕಾಕ, ಅಂದರೆ ನನ್ನ ಅಣ್ಣ, ಗಲ್ಫಿನಿಂದ ತಂದ ಸಾಬೂನಿನ ಹೊದಿಕೆ, ಹಾಲಿನಪುಡಿಯ ಲೇಬಲ್ಲು, ಸೊಂಟನೋವಿನ ಮುಲಾಮಿನ ಚೀಟಿ ಎಲ್ಲವನ್ನೂ ಉಮ್ಮ ಆ ಪೆಟ್ಟಿಗೆಗೆ ಹಾಕಿ, ಸ್ಟೂಲು ಹತ್ತಿ, ಮನೆಯ ಅತಿ ಎತ್ತರದ ಜಾಗದಲ್ಲಿ ಇಡುತ್ತಾರೆ. ಅಷ್ಟು ಮರ್ಯಾದೆ ಕಂಡ ಮುಲಾಮಿನ ಚೀಟಿ ಪ್ರಪಂಚದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ನಗು ಬಂದರೆ ನಗಿ. ನಾನೂ ನಗುತ್ತಿದ್ದೆ, ಕಾಕನ ಶಿಕ್ಷೆಯ ಕಾಗದವೂ ಅದೇ ಪೆಟ್ಟಿಗೆಯೊಳಗೆ ಹೋಗಿ ಕೂರುವ ತನಕ.

ಕಾಕ ಅಲ್ಲಿ ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ವ್ಯಾನಿನ ಡ್ರೈವರ್. ಒಂದು ದಿನ ವ್ಯಾನಿನ ಬಿಸ್ಕೀಟಿನ ಪೆಟ್ಟಿಗೆಗಳ ಒಳಗೆ ತೆರಿಗೆ ಕಟ್ಟದ ಸಿಗರೇಟು ಸಿಕ್ಕಿತು. ಮಾಲೀಕ ತನಗೇನೂ ಗೊತ್ತಿಲ್ಲ ಎಂದ, ಸ್ಟಿಯರಿಂಗು ಹಿಡಿದಿದ್ದವನು ಒಳಗೆ ಹೋದ. ಬೀಡಿಯ ಹೊಗೆಗೂ ಕೆಮ್ಮುವ ನನ್ನ ಅಣ್ಣನಿಗೆ ಸಿಗರೇಟಿನ ಕೇಸಿನಲ್ಲಿ ಹದಿನೆಂಟು ತಿಂಗಳು ಶಿಕ್ಷೆ. ತೀರ್ಪಿನ ಕಾಗದವನ್ನು ಕಾಕ ತನ್ನನ್ನು ನೋಡಲು ಬಂದ ಅಜ್ಜಾವರದ ಗೆಳೆಯನ ಕೈಗೆ ಕೊಟ್ಟಿದ್ದ. ಗೆಳೆಯ ರಜೆಯಲ್ಲಿ ಊರಿಗೆ ಬಂದವನು, ನಾನು ದರ್ಬೆಯ ಝೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗಿದ್ದಾಗ ಮನೆಗೆ ಬಂದು, ಮಗ ಕೊಟ್ಟದ್ದು, ಜೋಪಾನವಾಗಿ ಇಡಿ ಎಂದು ಹೇಳಿ ಹೋದ. ಉಮ್ಮ ಕಾಗದ ಬಿಡಿಸಿದರು. ಅರಬಿ! ಮುತ್ತಿಟ್ಟು, ಕಣ್ಣಿಗೆ ಒತ್ತಿಕೊಂಡು, ಸ್ಟೂಲು ಹತ್ತಿದರು. ಜೋಪಾನ ಮಾಡುವುದರಲ್ಲಿ ನಮ್ಮ ಉಮ್ಮನನ್ನು ಮೀರಿಸುವವರಿಲ್ಲ; ನನಗೆ ಹೇಳುವುದನ್ನೂ ಮರೆತುಬಿಡುವಷ್ಟು ಜೋಪಾನ.

ಜೈಲಿನಿಂದ ಕಾಕನ ಫೋನು ಬರುವುದು ಗುರುವಾರ ಮಧ್ಯಾಹ್ನ, ಐದೇ ನಿಮಿಷ. ನಾವು ತಿರುಗಿ ಮಾಡುವ ಹಾಗಿಲ್ಲ. ಆ ಐದು ನಿಮಿಷಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಮೊದಲು ಉಮ್ಮ, ಎಂತ ತಿಂದೆ, ಎಷ್ಟು ತಿಂದೆ, ಅನ್ನವಾ ರೊಟ್ಟಿಯಾ ಎಂದು ವಿಚಾರಣೆ ನಡೆಸುವುದು. ಆಮೇಲೆ ಮನೆಯಲ್ಲಿ ಇದ್ದವರೆಲ್ಲ ಒಂದೊಂದು ಸಲಾಮು ಹೇಳುವುದು. ಅದಕ್ಕೆಂದೇ ಬೇಲಿ ದಾಟಿ ಬರುವ ಪಕ್ಕದ ಮನೆಯ ಕಮಲಕ್ಕ, ಇಲ್ಲಿ ನಾವೆಲ್ಲ ಉಂಟು ಮಾರಾಯ ಎಂದು ಧೈರ್ಯ ಹೇಳುವುದು. ನನ್ನ ಪಾಲಿಗೆ ಕೊನೆಯ ಅರ್ಧ ನಿಮಿಷ. ಆ ಗುರುವಾರದ ಅರ್ಧ ನಿಮಿಷದಲ್ಲಿ ಕಾಕ ಕೇಳಿದ, “ಕಾಗದ ಓದಿದೆಯಲ್ಲ, ನಾನೀಗ ಎಂತ ಮಾಡಬೇಕು?” ಯಾವ ಕಾಗದ ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ನನಗೆ ಅರಬಿ ಬರುತ್ತದೆ ಎಂದು ಕಾಕ ನಂಬಿದ್ದು ನನ್ನ ಜಂಬದಿಂದ. ಆರು ತಿಂಗಳಿಂದ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಅರಬಿ ಕಲಿಯುತ್ತಿದ್ದೆ. ‘ಬೆಕ್ಕು ಮೇಜಿನ ಕೆಳಗೆ ಇದೆ’ ಎಂದು ತಡವರಿಸದೆ ಹೇಳಬಲ್ಲವಳಾಗಿದ್ದೆ. ಆದರೆ ಉಮ್ಮ ಆಗ ನೆನಪಾಗಿ ಪೆಟ್ಟಿಗೆಯಿಂದ ಇಳಿಸಿದ ಆ ಕಾಗದದಲ್ಲಿ ಬೆಕ್ಕೂ ಇರಲಿಲ್ಲ, ಮೇಜೂ ಇರಲಿಲ್ಲ. ಮದ್ರಸದಲ್ಲಿ ನಾವು ಓದಿದ ಅರಬಿಗೆ ಅಕ್ಷರದ ಮೇಲೆ ಕೆಳಗೆ ಸ್ವರದ ಗೆರೆಗಳಿರುತ್ತವೆ, ಕೈ ಹಿಡಿದು ನಡೆಸುತ್ತವೆ. ಕೋರ್ಟಿನವರು ಒಂದು ಗೆರೆಯನ್ನೂ ಹಾಕಿರಲಿಲ್ಲ. ಉಮ್ಮ ಕನ್ನಡಕ ಏರಿಸಿ ನೋಡಿ, ಇಷ್ಟು ದೊಡ್ಡ ಕೋರ್ಟಿನವರಿಗೆ ಗೆರೆ ಹಾಕಲಿಕ್ಕೂ ಪುರುಸೊತ್ತಿಲ್ಲವಾ ಎಂದು ಬೇಜಾರು ಮಾಡಿಕೊಂಡರು. ಮುದ್ರೆಗಳ ನಡುವೆ ಸಿಕ್ಕಿಬಿದ್ದ ಫೋನಿನ ಅನುವಾದವಂತೂ, ‘ನ್ಯಾಯದ ಹೊಟ್ಟೆಯೊಳಗೆ ಮೂವತ್ತು ಹಗಲು’ ಎಂದು ಕವಿತೆ ಹೇಳಿತು.

ಮರುದಿನ ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ ಮದ್ರಸದ ಉಸ್ತಾದರ ಮುಂದೆ ಕೂತೆ. ಕಿತಾಬುಗಳ ಅರಬಿ ಅವರಿಗೆ ನೀರು ಕುಡಿದಷ್ಟು ಸುಲಭ. ಕೋರ್ಟಿನ ಅರಬಿಗೆ ಅವರೂ ಹೊಸಬರು. ಅವರದು ವ್ಯಾಕರಣ, ನನ್ನದು ಫೋನಿನ ನಿಘಂಟು. ಇಬ್ಬರೂ ಒಂದೊಂದು ಪದಕ್ಕೂ ಜಗಳ ಮಾಡುತ್ತಾ ಸಂಜೆಯ ಚಾದ ಹೊತ್ತಿಗೆ ಅರ್ಥ ಬಿಡಿಸಿದೆವು. ತೀರ್ಪು ಬಂದ ಮೂವತ್ತು ದಿನದ ಒಳಗೆ ಮೇಲ್ಮನವಿ ಬೇಕೆಂದು ಕೈದಿಯೇ ಜೈಲಿನ ಆಫೀಸಿನಲ್ಲಿ ಹೇಳಿದರೆ ಸಾಕು, ಕೇಸು ಮತ್ತೆ ನೋಡುತ್ತಾರೆ. ಹೇಳದಿದ್ದರೆ ಹದಿನೆಂಟು ತಿಂಗಳು ಖಾಯಂ. ತೀರ್ಪಾಗಿ ಆಗಲೇ ಇಪ್ಪತ್ತು ದಿನ. ಮುಂದಿನ ಗುರುವಾರಕ್ಕೆ ಇಪ್ಪತ್ತಾರು. ಅದರಾಚೆಯ ಗುರುವಾರ ಬಂದರೂ ಬಾರದಿದ್ದರೂ ಒಂದೇ.

ಉಳಿದದ್ದು ಒಂದೇ ಫೋನು, ಐದು ನಿಮಿಷ. ಕಮಲಕ್ಕ ತಾವಾಗಿಯೇ ಈ ವಾರ ತಮ್ಮ ಪಾಳಿ ಬಿಟ್ಟುಕೊಟ್ಟರು. ಉಮ್ಮನೂ ಊಟದ ವಿಚಾರಣೆ ಮಾಡುವುದಿಲ್ಲವೆಂದು ಒಪ್ಪಿದರು, ಆದರೆ ಫೋನು ಮೊದಲು ಎತ್ತುವುದು ತಾವೇ ಎಂದು ಹಟ ಹಿಡಿದರು.

ಗುರುವಾರ ಫೋನು ಬಂತು. ಉಮ್ಮ ಗಂಟಲು ಸರಿಮಾಡಿಕೊಂಡು, “ತಂಗಿ ಹೇಳುದನ್ನು ಕೇಳು” ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟರು. ಆಚೆಯಿಂದ ಸಣ್ಣ ದನಿಯಲ್ಲಿ ಕಾಕ ಕೇಳಿದ, “ಯಾರು ತೀರಿಹೋದದ್ದು?”

ಯಾರೂ ಇಲ್ಲ ಎಂದರೆ ನಂಬುವುದಿಲ್ಲ. ಉಮ್ಮ ಎಂತ ತಿಂದೆ ಎಂದು ಕೇಳದ ಗುರುವಾರ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಉಮ್ಮನಿಗೆ ಹುಷಾರಿಲ್ಲವಾ, ಸತ್ಯ ಹೇಳು ಎಂದು ಅವನು, ಮೊದಲು ಕೇಳು ಮಾರಾಯ ಎಂದು ನಾನು. ಎರಡು ನಿಮಿಷ ಹೀಗೇ ಕರಗಿತು. ಕೊನೆಗೆ ಉಮ್ಮ ಫೋನು ಕಸಿದುಕೊಂಡು ಕೇಳಿದರು, “ಎಂತ ತಿಂದೆ?”

“ಅನ್ನ, ಬೇಳೆ” ಎಂದ ಕಾಕ, ಮತ್ತು ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ಮಗುವಿನ ಹಾಗೆ ಕೇಳಿಸಿಕೊಂಡ. “ಉರೀದುಲ್ ಇಸ್ತಿನಾಫ್, ನನಗೆ ಮೇಲ್ಮನವಿ ಬೇಕು. ಇವತ್ತೇ ಆಫೀಸಿಗೆ ಹೋಗಿ ಹೇಳು” ಎಂದೆ. ಮೂರು ಸಲ ಹೇಳಿಸಿದೆ. ನಾಲ್ಕನೆಯ ಸಲ ಹೇಳುತ್ತಿದ್ದಾಗ ಲೈನು ಹೋಯಿತು.

ಆ ದಿನದಿಂದ ನಾನು ಉಮ್ಮನ ಪ್ರಶ್ನೆಯನ್ನು ಸಮಯ ಹಾಳು ಎಂದುಕೊಂಡಿಲ್ಲ. ಸಮುದ್ರದಾಚೆ ಗೋಡೆಗಳ ನಡುವೆ ಕೂತವನಿಗೆ ಮನೆ ಇದ್ದಲ್ಲೇ ಇದೆ, ಒಲೆ ಉರಿಯುತ್ತಿದೆ, ಉಮ್ಮ ಉಮ್ಮನಾಗಿಯೇ ಇದ್ದಾರೆ ಎಂದು ತಿಳಿಯುತ್ತಿದ್ದದ್ದು ಆ ಒಂದು ಪ್ರಶ್ನೆಯಿಂದ. ಕಾನೂನಿನ ಮಾತು ಒಳಗೆ ಇಳಿಯಬೇಕಾದರೂ ಮೊದಲು ಅನ್ನದ ಮಾತು ದಾರಿ ಮಾಡಿಕೊಡಬೇಕು.

ಇಪ್ಪತ್ತೇಳನೇ ದಿನ ಮೇಲ್ಮನವಿ ದಾಖಲಾಯಿತು. ಈ ನಡುವೆ ಉಮ್ಮನಿಗೆ ಹೊಸ ಹುಚ್ಚು ಹಿಡಿದಿತ್ತು. ಪೆಟ್ಟಿಗೆ ಇಳಿಸಿ, ಒಂದೊಂದೇ ಚೀಟಿ ತೆಗೆದು, ಇದರಲ್ಲಿ ಎಂತ ಉಂಟು ಎಂದು ಓದಿಸುವುದು. ಸಾಬೂನು ಕಣ್ಣಿಗೆ ತಾಗಿಸಬೇಡಿ ಎಂದಿತು. ಪೆಟ್ಟಿಗೆ, ತಂಪಾದ ಜಾಗದಲ್ಲಿ ಇಡಿ ಎಂದಿತು. ಹಂಚಿನ ಅಡಿಯ ಬಿಸಿಗೆ ನಾಲ್ಕು ವರ್ಷ ಕೂರಿಸಿದ್ದೆವಲ್ಲ ಎಂದು ಉಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು, ಮತ್ತೆ ಅಲ್ಲೇ ಇಟ್ಟರು.

ಹೋದ ವಾರ ಅಜ್ಜಾವರದ ಅದೇ ಗೆಳೆಯನ ಕಡೆಯವರು ಇನ್ನೊಂದು ಕಾಗದ ತಂದರು. ಉಮ್ಮ ಮುತ್ತಿಟ್ಟರು, ಕಣ್ಣಿಗೆ ಒತ್ತಿಕೊಂಡರು, ಸ್ಟೂಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕಾಗದವನ್ನು ನನ್ನ ಕೈಯಲ್ಲಿಟ್ಟು ಓದು ಎಂದರು. ಗೆರೆಗಳಿಲ್ಲದ ಅಕ್ಷರಗಳ ನಡುವೆ ಬೆರಳಿಟ್ಟು ನಿಧಾನವಾಗಿ ಓದಿದೆ. ಹದಿನೆಂಟಿದ್ದದ್ದು ಹತ್ತಾಗಿತ್ತು. ಅದರಲ್ಲಿ ಏಳು ಆಗಲೇ ಕಳೆದಿವೆ.

ಉಮ್ಮ ಸ್ಟೂಲು ಹತ್ತಿ, ಖರ್ಜೂರದ ಪೆಟ್ಟಿಗೆ ಇಳಿಸಿ, ಒಳಗಿನ ಚೀಟಿಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಟ್ಟು, ಪೆಟ್ಟಿಗೆಯ ಧೂಳು ಒರೆಸತೊಡಗಿದರು. ಕಾಕ ಬರುವಾಗ ಖರ್ಜೂರ ತರುತ್ತಾನಲ್ಲ, ಹಾಕಲಿಕ್ಕೆ ಜಾಗ ಬೇಡವಾ?