ಉಜ್ಜುವುದನ್ನು ನಿಲ್ಲಿಸಿದ ನಿಖಿತಾ

ಕನ್ನಡ ಕೂಟದ ಅಧ್ಯಕ್ಷ ಬದರಿನಾಥರು ತಮ್ಮ ಸದಸ್ಯೆ ನಿಖಿತಾಳನ್ನು ಆ ಅವತಾರದಲ್ಲಿ ಮೊದಲು ಕಂಡದ್ದು ಸ್ವೀಡನ್ನಿನ ನಾರ್‌ಶೋಪಿಂಗ್‌ನ ಟ್ರಾಮಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಅವಳ ಹೆಗಲಿಗೆ ಉದ್ದ ಹಿಡಿಯ ಬ್ರಷ್ ಒರಗಿತ್ತು. ಪಾಪ, ಐಟಿ ಕೆಲಸ ಹೋಗಿ ಎಲ್ಲೋ ನೆಲ ತೊಳೆಯುತ್ತಿದ್ದಾಳೆ ಎಂದು ಅವರು ಅಲ್ಲೇ ತೀರ್ಮಾನಿಸಿದರು. ತೀರ್ಮಾನಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. "ನಾಚ್ಕೋಬೇಡಮ್ಮ, ರೆಸ್ಯೂಮೆ ಕಳ್ಸು. ನಾನಿದೀನಲ್ಲ," ಎಂದು ಅಭಯ ಕೊಟ್ಟು ಇಳಿದುಹೋದರು.

ನಿಖಿತಾಳ ಕೆಲಸ ಭದ್ರವಾಗಿಯೇ ಇತ್ತು. ಬ್ರಷ್, ಐಸಿನ ಮೇಲೆ ದುಂಡು ಕಲ್ಲುಗಳನ್ನು ಗುರಿಯತ್ತ ಜಾರಿಸುವ ಕರ್ಲಿಂಗ್ ಆಟದ್ದು. ಬೆಂಗಳೂರಿನಿಂದ ಬಂದ ಮೊದಲ ಚಳಿಗಾಲ ಆಫೀಸಿನವರು ಮೋಜಿಗೆಂದು ಐಸ್ ಹಾಲ್‌ಗೆ ಕರೆದೊಯ್ದಿದ್ದರು. ಮಿಕ್ಕವರು ಜಾರಿಬಿದ್ದು, ನಕ್ಕು, ಮನೆಗೆ ಹೋದರು. ಇವಳು ಜಾರಿಬಿದ್ದು, ಮತ್ತೆ ಯಾವತ್ತು ಬರಬಹುದು ಎಂದು ಕೇಳಿದಳು. ಎರಡು ವರ್ಷ ಪಿಂಚಣಿದಾರರ ಜೊತೆ ಕಲಿತಳು, ಆಮೇಲೆ ಕ್ಲಬ್ಬಿನ ಎರಡನೇ ತಂಡ, ಕೊನೆಗೆ ನಾಯಕಿ ಎಬ್ಬಾಳ ತಂಡ. ನಾಲ್ವರಲ್ಲಿ ಇವಳದು ಮೊದಲ ಸ್ಥಾನ. ಕೇಳಲು ಭಾರಿ, ಮಾಡಲು ಬೆವರು. ತನ್ನ ಎರಡು ಕಲ್ಲು ಜಾರಿಸಿದ ಮೇಲೆ ಉಳಿದವರ ಕಲ್ಲುಗಳ ಮುಂದೆ ಐಸ್ ಉಜ್ಜುತ್ತ ಓಡಬೇಕು. ಉಜ್ಜಿದರೆ ಕಲ್ಲು ದೂರ ಹೋಗುತ್ತದೆ, ಬಿಟ್ಟರೆ ಬೇಗ ನಿಲ್ಲುತ್ತದೆ. ಯಾವಾಗ ಉಜ್ಜಬೇಕೆಂದು ಅತ್ತ ತುದಿಯಿಂದ ನಾಯಕಿ ಕೂಗುತ್ತಾಳೆ.

ಈಗ ಅವಳಿಗೆ ಮೂವತ್ತಾರು, ಬಲಭುಜದಲ್ಲಿ ನೋವು. ಬೆಂಚಿನಲ್ಲಿ ಇಪ್ಪತ್ತರ ಟೈರಾ, ನೋವೆಂದರೇನೆಂದು ಗೊತ್ತಿಲ್ಲದವಳು, ಕಾಯುತ್ತ ಕೂತಿದ್ದಳು. ಸೀಸನ್ನಿನ ಕೊನೆಯ ಪಂದ್ಯದ ದಿನ ಬಂತು. ಗೆದ್ದರೆ ತಂಡ ಮೇಲಿನ ದರ್ಜೆಗೆ. ಅಲ್ಲಿ ಆಡುವ ನಾಲ್ವರು ಯಾರೆಂದು ಎಬ್ಬಾ ಪಂದ್ಯ ಮುಗಿದ ಮೇಲೆ ಹೇಳುವುದೆಂದಾಗಿತ್ತು.

ಅದು ಸಾಲದೆಂಬಂತೆ, ಬ್ರಷ್ ಆಟದ್ದೆಂದು ಅಷ್ಟರಲ್ಲಿ ತಿಳಿದುಕೊಂಡಿದ್ದ ಬದರಿನಾಥರು ಕೂಟವನ್ನು ಕಟ್ಟಿಕೊಂಡು ಬಂದರು. ಪ್ರೇಕ್ಷಕರ ಗಾಜಿನ ಹಿಂದೆ ಕೂತರೆ ಧ್ವನಿ ತಲುಪುವುದಿಲ್ಲವೆಂದು ಎಲ್ಲರನ್ನೂ ಐಸಿನ ಅಂಚಿಗೇ ತಂದು ನಿಲ್ಲಿಸಿದರು. ಎದುರಾಳಿಯ ಕಲ್ಲು ಗುರಿ ತಪ್ಪಿದ್ದೇ ತಡ, ಇಡೀ ಕೂಟ ಚಪ್ಪಾಳೆ ತಟ್ಟಿತು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಖಿತಾ ಎದುರಾಳಿಗಳ ಕ್ಷಮೆ ಕೇಳಿ, ವಿರಾಮದಲ್ಲಿ ಅಂಚಿಗೆ ಬಂದಳು.

"ಅಂಕಲ್, ಅವರು ತಪ್ಪು ಮಾಡಿದಾಗ ಇಲ್ಲಿ ಯಾರೂ ಚಪ್ಪಾಳೆ ತಟ್ಟಲ್ಲ."

"ಮತ್ತೆ ಯಾವಾಗ ತಟ್ಟೋದಮ್ಮ? ಇಷ್ಟು ದೂರ ಬಂದಿದೀವಿ."

"ಪಪ್ಪಾ, ಸ್ಲೂತಾ," ಎಂದು ಅವರ ಮಗಳು ಅದಿತಿ ಸ್ವೀಡಿಷ್‌ನಲ್ಲಿ ಸುಮ್ಮನಿರಲು ಹೇಳಿ, ಬೇರೆ ಯಾರದೋ ಮಗಳಂತೆ ದೂರ ಹೋಗಿ ನಿಂತಳು.

ಪಂದ್ಯ ಸಮಸಮವಾಗಿ ಕೊನೆಯ ಕಲ್ಲಿಗೆ ಬಂತು. ಆ ಕಲ್ಲು ಇವರದೇ. ಎದುರಾಳಿಯ ಕಲ್ಲಿಗಿಂತ ಕೇಂದ್ರಕ್ಕೆ ಹತ್ತಿರ ನಿಂತರೆ ಗೆಲುವು. ಕಲ್ಲು ಹೊರಟಿತು, ನಿಖಿತಾಳೂ ಇನ್ನೊಬ್ಬ ಜೊತೆಗಾತಿಯೂ ಉಜ್ಜತೊಡಗಿದರು. ಆಗ ಬದರಿನಾಥರಿಗೆ ನಾಯಕತ್ವದ ಹುಮ್ಮಸ್ಸು ಬಂತು.

"ಉಜ್ಜು ನಿಖಿತಾ, ಉಜ್ಜು! ಎಲ್ಲಾ ಹೇಳ್ರಪ್ಪ!"

ಎಲ್ಲರೂ ಹೇಳಿದರು. ಅತ್ತ ತುದಿಯಲ್ಲಿ ಎಬ್ಬಾಳ ಬಾಯಿ ತೆರೆದು ಮುಚ್ಚುವುದಷ್ಟೇ ಕಂಡಿತು, ಒಂದಕ್ಷರವೂ ಕೇಳಿಸಲಿಲ್ಲ. ಉಜ್ಜಲೋ, ಬಿಡಲೋ? ಬ್ರಷ್ಷಿನ ಕೆಳಗೆ ಐಸ್ ಎಂದಿಗಿಂತ ನುಣುಪಾಗಿತ್ತು. ಕಲ್ಲಿನ ವೇಗ ಸಾಕೆನಿಸಿತು. ಎನಿಸಿದ್ದು, ಅಷ್ಟೇ. ಬ್ರಷ್ ಎತ್ತಿಬಿಟ್ಟಳು. ಜೊತೆಗಾತಿಯೂ ಗಾಬರಿಯಿಂದ ಎತ್ತಿದಳು.

ಕಲ್ಲು ತೆವಳಿತು. ನಿಂತೇಹೋಯಿತು ಅನ್ನುವಷ್ಟರಲ್ಲಿ ಇನ್ನೊಂದಿಷ್ಟು ತೆವಳಿ, ಕೇಂದ್ರ ದಾಟಿದರೂ ಎದುರಾಳಿಯ ಕಲ್ಲಿಗಿಂತ ಹೆಬ್ಬೆರಳಗಲ ಒಳಗೆ ನಿಂತಿತು.

ಎಬ್ಬಾ ನಗದೆಯೇ ಹತ್ತಿರ ಬಂದಳು. "ನಾನು ಉಜ್ಜು ಅಂತ ಕೂಗ್ತಿದ್ದೆ."

"ಕೇಳಿಸಲಿಲ್ಲ."

"ಕೇಳಿಸಿದ್ದರೆ?"

"ಉಜ್ಜುತ್ತಿದ್ದೆ."

"ಹಾಗಿದ್ದರೆ ಕಲ್ಲು ಇನ್ನೂ ಮುಂದಕ್ಕೆ ಹೋಗಿ ಸೋಲ್ತಿದ್ವಿ." ಎಬ್ಬಾ ಗ್ಲೌಸು ಕಳಚುತ್ತ ಐಸನ್ನೇ ನೋಡಿದಳು. "ಮುಂದಿನ ಸೀಸನ್ ಮೊದಲ ಎರಡು ಪಂದ್ಯ ನೀನು ಆಡು. ಆಮೇಲೆ ನೋಡೋಣ."

ಅಂದರೆ ಜಾಗ ಸಿಕ್ಕಿತು. ಆತಂಕವೂ ಅದರ ಜೊತೆಗೇ ಬಂತು. ಸೋತವರಿಗೆ ಗೆದ್ದವರು ಕಾಫಿ ಕೊಡಿಸುವ ವಾಡಿಕೆಯಂತೆ ನಿಖಿತಾ ಕಪ್ಪುಗಳನ್ನು ಜೋಡಿಸುತ್ತಿದ್ದಾಗ, ಬದರಿನಾಥರು ಶಾಲು ಸರಿಮಾಡಿಕೊಳ್ಳುತ್ತ ಬಂದರು. ಅರ್ಧ ಗೆಲುವು ತಮ್ಮದೆಂಬ ವಿನಯ ಮುಖದಲ್ಲಿತ್ತು.

"ನೋಡ್ದ್ಯಾ ಸಪೋರ್ಟ್ ಅಂದ್ರೆ ಏನು ಅಂತ? ಮುಂದಿನ ಮ್ಯಾಚಿಗೆ ಇನ್ನೂ ಜನ ಕರ್ಕೊಂಡು ಬರ್ತೀನಿ. ನಾವೆಲ್ಲ ಎಲ್ಲಿ ಕೂತ್ರೆ ನಿಂಗೆ ಅನುಕೂಲ, ಹೇಳಮ್ಮ?"

"ಮನೇಲಿ, ಅಂಕಲ್."