ಮಲ್ಲಪ್ಪನನ್ನು ಕೇಳಿದ ದಿನ

“ಮಲ್ಲಪ್ಪಾ, ನಿನಗೇನ್ ಅನಸ್ತದ?” ಎಂದು ಕೇಳಿದೆ. ಅವನು ತಿರುಗಿ, ತನ್ನ ಹಿಂದೆ ಯಾರು ನಿಂತಿದ್ದಾರೆಂದು ನೋಡಿದ. ಹಿಂದೆ ಯಾರೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆ ಹತ್ತಿರದ ಚಾಕಣದಲ್ಲಿ, ಟೆಂಪೊಗಳಿಗೆ ಕಬ್ಬಿಣದ ಬ್ರೇಕ್ ಡ್ರಮ್ ತಯಾರಿಸುವ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಮಲ್ಲಪ್ಪ ಗುತ್ತಿಗೆ ಕೆಲಸಗಾರ. ಹನ್ನೊಂದು ವರ್ಷ ನಾನು ಹೇಳುವುದು, ಅವನು ಮಾಡುವುದು, ಇಷ್ಟೇ ನಡೆದಿತ್ತು. ‘ಹೇಳುವ ಮೊದಲು ಕೆಲಸಗಾರರನ್ನು ಕೇಳಿ’ ಎಂದು ನಮಗೆ ತರಬೇತಿ ಕೊಟ್ಟದ್ದು ಹಿಂದಿನ ವಾರವಷ್ಟೇ. ಬಿರುಕು ಬಿಟ್ಟ ಡ್ರಮ್‌ಗಳು ನಮ್ಮ ಕಣ್ಣು ತಪ್ಪಿಸಿ ಹೋಗಿ, ಗಿರಾಕಿಗಳಿಂದ ವಾಪಸು ಬರುತ್ತಿದ್ದವು. ನನಗೂ ದಾರಿ ತೋಚದೆ ಕೇಳಿದ್ದೆ.

ಅವನು ಒಂದು ಡ್ರಮ್ಮನ್ನು ಕೊಕ್ಕೆಗೆ ತೂಗುಹಾಕಿ ಸ್ಪ್ಯಾನರ್‌ನಿಂದ ತಟ್ಟಿದ. ಠಣ್ಣೆಂದು ಬಹಳ ಹೊತ್ತು ಗುಂಯ್‌ಗುಟ್ಟಿತು. ಇನ್ನೊಂದು ಡ್ರಮ್ಮು ಬರೀ ದಬ್ ಎಂದಿತು.

“ಇದರಾಗ ಬಿರುಕ ಅದರಿ.”

“ಮೊದಲ ಯಾಕ ಹೇಳಲಿಲ್ಲೋ ಮಾರಾಯಾ?”

“ಒಮ್ಮೆ ತಟ್ಟಿ ನೋಡಿದ್ದೆ ಸಾಹೇಬ್ರ. ‘ಇದೇನ್ ಭಜನಿ ಮಂಡಳಿ ಅಂತ ತಿಳದಿ?’ ಅಂತ ಬೈದಿದ್ರಿ.”

ಸುತ್ತಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲಪ್ಪನೇ. ಮರುವಾರ ಮೊಣಕಾಲು ನೋವೆಂದು ಕೆಲಸ ಬಿಟ್ಟು ಊರಿಗೆ ಹೋದ.

ಆಮೇಲೆ ಎಷ್ಟೋ ಜನರನ್ನು ಕೇಳಿ ಕೆಲಸ ಮಾಡಿದೆ, ಕಲಿತೆ. ಆದರೆ ಅವನೊಡನೆ ಒಂದು ದಿನವಾದರೂ ಕೂತು ಮಾತಾಡುವ ಆಸೆ ಇನ್ನೂ ಹೋಗಿಲ್ಲ. ಯಾದಗಿರಿ ಕಡೆಯವನೆಂದಷ್ಟೇ ಗೊತ್ತು. ಯಾವ ಊರು ಎಂದು ನಾನು ಕೇಳಿಯೇ ಇರಲಿಲ್ಲ.